ರಾತ್ರಿ ನಾಯಿ ಎಲ್ಲಿ ಮಲಗುತ್ತೆ? ಆಲ್ದೂರು ಕಡೆಯ ಒಂದು ಲ್ಯಾಬ್ರಡಾರ್ ದತ್ತು ಪ್ರಕರಣ

ಅರ್ಜಿ ಬಂದದ್ದು ಬೆಂಗಳೂರಿನಿಂದ. ನಾಯಿ ಹೋಗಬೇಕಿದ್ದದ್ದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆಯ ಒಂದು ಕಾಫಿ ತೋಟಕ್ಕೆ. ಅರ್ಧ ತಲೆನೋವು ಶುರುವಾದದ್ದೇ ಇಲ್ಲಿ. ಫಾರಂ ತುಂಬಿದವಳು ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು. ನಾಯಿಗೆ ಅನ್ನ ಹಾಕುವವರು ಊರಲ್ಲಿರುವ ಅವಳ ಅಮ್ಮ. ನಾಯಿ ಯಾಕೆ ಬೇಕು ಅಂತ ತೀರ್ಮಾನ ಮಾಡಿದ್ದವರು ಅಪ್ಪ. ಫಾರಂನಲ್ಲಿ ಇದ್ದದ್ದು ಮಗಳ ಉತ್ತರ ಮಾತ್ರ.

ಗುಂಪಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಇದು ಲ್ಯಾಬ್ರಡಾರ್‌ಗಳನ್ನು ಮಾತ್ರ ನೋಡಿಕೊಳ್ಳುವ ಸಣ್ಣ ರೆಸ್ಕ್ಯೂ ಗುಂಪು. ಸ್ವಂತ ಶೆಲ್ಟರ್ ಇಲ್ಲ. ದತ್ತು ಹೋಗುವವರೆಗೆ ನಾಯಿಗಳು ಫಾಸ್ಟರ್ ಮನೆಗಳಲ್ಲಿ, ಅಂದರೆ ತಾತ್ಕಾಲಿಕವಾಗಿ ಸಾಕುವವರ ಮನೆಗಳಲ್ಲಿ, ಇರುತ್ತವೆ. ಹಾಸನ, ಚಿಕ್ಕಮಗಳೂರು ಕಡೆಯಿಂದ ಅರ್ಜಿ ಬಂದರೆ ಮನೆ ನೋಡಿ ಬರುವ ಕೆಲಸ ನನ್ನದು. ಒಂದೇ ತಳಿ ಹಿಡಿದು ಕೂರುವುದು ಯಾಕೆ, ಬೀದಿ ನಾಯಿ ಏನು ಪಾಪ ಮಾಡಿದೆ ಅಂತ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಒಂದು ತಳಿಯನ್ನೇ ನೋಡುತ್ತಾ ಬಂದವರಿಗೆ ಅದರ ರೋಗ, ಅದರ ಹಠ, ಅದನ್ನು ಜನ ಯಾವ ಆಸೆಗೆ ತಂದು ಯಾವ ಕಾರಣಕ್ಕೆ ಬಿಟ್ಟುಹೋಗುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ಲ್ಯಾಬ್ರಡಾರ್ ಅಂದರೆ ಸೊಂಟದ ಕೀಲು, ಕಿವಿಯ ಸೋಂಕು, ತೂಕ. ಎಲ್ಲಕ್ಕಿಂತ ಜಾಸ್ತಿ ಹೊಟ್ಟೆಬಾಕತನ.

ಈ ಹೊಟ್ಟೆಬಾಕತನ ಸುಮ್ನೆ ಚೇಷ್ಟೆಯಲ್ಲ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಲ್ಯಾಬ್ರಡಾರ್‌ಗಳಲ್ಲಿ ಪಿಓಎಂಸಿ ಅನ್ನುವ ಜೀನ್‌ನ ಒಂದು ತುಣುಕು ಕಳೆದುಹೋಗಿರುವುದನ್ನು ಕಂಡುಹಿಡಿದರು. ಹೆಚ್ಚುಕಡಿಮೆ ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ ಈ ದೋಷ ಇರುತ್ತದೆ. ಅಂಥ ನಾಯಿಗಳಿಗೆ ತಿಂಡಿಯ ಮೇಲಿನ ಆಸೆ, ಮೈತೂಕ ಎರಡೂ ಜಾಸ್ತಿ. ನಮ್ಮ ನಾಯಿಗೆ ಜೀನ್ ಪರೀಕ್ಷೆ ಏನೂ ಮಾಡಿಸಿಲ್ಲ. ಆದರೆ ಮುಂದೆ ಕೊಯ್ಲಿನ ಹೊತ್ತಲ್ಲಿ ಆದದ್ದನ್ನು ಓದುವಾಗ ಇದು ನೆನಪಿರಲಿ.

ಫಾರಂನಲ್ಲಿ ಹೀಗಿತ್ತು: ಮೊದಲೊಂದು ಲ್ಯಾಬ್ ಇತ್ತು, ವಯಸ್ಸಾಗಿ ತೀರಿಹೋಯಿತು. ಮನೆ ಬಿಕೋ ಅನ್ನುತ್ತಿದೆ. ಮರಿ ಬೇಕು, ಗಂಡಾದರೆ ಒಳ್ಳೆಯದು. ಜಾಗಕ್ಕೆ ಕೊರತೆಯಿಲ್ಲ, ಎಕರೆಗಟ್ಟಲೆ ತೋಟವಿದೆ. 'ನಾಯಿ ರಾತ್ರಿ ಎಲ್ಲಿ ಮಲಗುತ್ತದೆ?' ಅನ್ನುವ ಪ್ರಶ್ನೆಗೆ ಮಗಳು 'ಮನೆಯೊಳಗೆ' ಅಂತ ಬರೆದಿದ್ದಳು. ಖಾತ್ರಿ ಮಾಡಿಕೊಳ್ಳಲು ಅಮ್ಮನಿಗೆ ಫೋನ್ ಮಾಡಿದರೆ ಅವರು 'ಅಂಗಳದಲ್ಲಿ, ಇನ್ನೆಲ್ಲಿ?' ಅಂದುಬಿಟ್ಟರು. ಅರ್ಜಿ ಅಲ್ಲಿಗೇ ನಿಂತಿತು.

ಗುಂಪಿನ ಹತ್ತಿರ ಆಗ ಮರಿ ಇರಲಿಲ್ಲ. ಇದ್ದದ್ದು ಆರು ವರ್ಷದ ಒಂದು ಹೆಣ್ಣು. ಬೆಂಗಳೂರಿನ ಹೊರವಲಯದಲ್ಲಿ ಮರಿ ಹಾಕಿಸಿ ಮಾರುವವನೊಬ್ಬ ಇನ್ನು ಲಾಭವಿಲ್ಲ ಅಂತ ಬಿಟ್ಟಿದ್ದ ನಾಯಿ. ಫಾಸ್ಟರ್ ಮನೆಯವರು ಚಿನ್ನಿ ಅಂತ ಕರೆಯುತ್ತಿದ್ದರು. ಮೊಲೆಗಳು ಜೋತುಬಿದ್ದಿದ್ದವು. ಸಿಮೆಂಟಿನ ಮೇಲೆ ಮಲಗಿ ಮಲಗಿ ಮೊಣಕೈ ಎರಡೂ ಆನೆಚರ್ಮದಂತೆ ದಡ್ಡುಗಟ್ಟಿದ್ದವು. ಉಗುರು ಬೆಳೆದು ಪಾದ ಸೊಟ್ಟಗಾಗಿತ್ತು. ಗರ್ಭಕೋಶದಲ್ಲಿ ಕೀವು ತುಂಬಿದ್ದರಿಂದ ಅದನ್ನು ತೆಗೆಸಿಯೇ ಜೀವ ಉಳಿಸಬೇಕಾಯಿತು. ಮೆಟ್ಟಿಲು ಹತ್ತಲು ಬರುತ್ತಿರಲಿಲ್ಲ. ಮೊದಲ ಮೆಟ್ಟಿಲ ಮೇಲೆ ಮುಂಗಾಲಿಟ್ಟು, ಹಿಂಗಾಲು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತುಬಿಡುತ್ತಿತ್ತು.

ಕಾನೂನು ಇಲ್ಲದೆ ಇಲ್ಲ. ನಾಯಿ ಸಾಕಿ ಮಾರುವವರಿಗೆ ಕೇಂದ್ರ ಸರ್ಕಾರ 2017ರಲ್ಲೇ ನಿಯಮ ಮಾಡಿದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು. ಹೆಣ್ಣು ನಾಯಿಗೆ ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಜಾಸ್ತಿ ಇಲ್ಲ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಅಗ್ಗಕ್ಕೆ ಸಿಗುತ್ತದೆ ಅಂತ ಮರಿ ಕೊಳ್ಳುವವರಲ್ಲಿ ಎಷ್ಟು ಜನ ನೋಂದಣಿ ಸಂಖ್ಯೆ ಕೇಳುತ್ತಾರೆ? ಅದರ ತಾಯಿ ತೋರಿಸಿ ಅಂತಲಾದರೂ ಕೇಳಬಹುದಲ್ವಾ?

ಮನೆ ನೋಡಲು ಹೋದಾಗ

ರೋಬಸ್ಟಾ ಕೊಯ್ಲು ಮುಗಿದ ಮೇಲೆ ಹೋದೆ. ಕಣ ಖಾಲಿಯಾಗಿತ್ತು. ಹಳೇ ಹೆಂಚಿನ ಮನೆ, ಮುಂದೆ ಜಗಲಿ, ಪಕ್ಕದಲ್ಲಿ ಸೌದೆ ಕೊಟ್ಟಿಗೆ. ಎರಡು ನಾಟಿ ನಾಯಿಗಳು ಬೊಗಳುತ್ತಾ ಬಂದವು. ಒಂದು ಗಂಡು, ಒಂದು ಮುದಿ ಹೆಣ್ಣು. ಫಾರಂನಲ್ಲಿ ಇವೆರಡರ ಸುದ್ದಿಯೇ ಇರಲಿಲ್ಲ. ಕೇಳಿದರೆ, 'ಅವು ತೋಟದ ನಾಯಿ, ಮನೆ ನಾಯಿ ಅಲ್ಲ' ಅಂದರು ಅಕ್ಕ (ಫಾರಂ ತುಂಬಿದವಳ ಅಮ್ಮನನ್ನು ನಾನು ಕರೆಯುವುದು ಹೀಗೆ). ತಪ್ಪು ಹೇಳಲಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಲೆಕ್ಕ ಇರುವುದೇ ಹೀಗೆ.

ಯಜಮಾನರು ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿದರು. ಹಿಂದಿನ ವರ್ಷ ಪಕ್ಕದ ತೋಟದ ಕಣದಿಂದ ಕಾಫಿ ಮೂಟೆ ಕಳವಾಗಿತ್ತು. ದೊಡ್ಡ ಮೈಯ ನಾಯಿ ಒಂದಿದ್ದರೆ ಕಳ್ಳರು ಹತ್ತಿರ ಸುಳಿಯುವುದಿಲ್ಲ ಅನ್ನುವುದು ಅವರ ಲೆಕ್ಕ. ಹಗಲು ಕಟ್ಟಿಹಾಕುವುದು, ರಾತ್ರಿ ಕಣದಲ್ಲಿ ಬಿಡುವುದು.

'ರಾತ್ರಿ ಒಳಗೇ ಮಲಗಬೇಕು ಅಂತ ಒಪ್ಪಂದದಲ್ಲಿದೆಯಲ್ಲ ಸರ್' ಅಂದೆ.

'ನಾಯಿ ಅಂದ್ಮೇಲೆ ರಾತ್ರಿ ಹೊರಗಿರ್ಬೇಕು. ಮಂಚದ ಕೆಳಗೆ ಮಲಗಿಸಕ್ಕೆ ಅದೇನು ಬೆಕ್ಕಾ? ಇದೆಲ್ಲ ಬೆಂಗಳೂರಿನ ಫ್ಲಾಟ್‌ನವರ ಕಾನೂನು.'

ಅಜ್ಜಿಯ ಆಕ್ಷೇಪಣೆ ಬೇರೆ ಥರದ್ದು. 'ಆರು ವರ್ಷದ್ದು ತಂದು ಏನ್ ಮಾಡ್ತೀರಿ ಮಗ? ನಾಕು ದಿನ ಅನ್ನ ಹಾಕಿ ಮಣ್ಣು ಮಾಡಕ್ಕಾ?' ಲ್ಯಾಬ್ರಡಾರ್ ಸಾಮಾನ್ಯವಾಗಿ ಹತ್ತು–ಹನ್ನೆರಡು ವರ್ಷ ಬದುಕುತ್ತದೆ. ಅಂದರೆ ಚಿನ್ನಿಯದ್ದು ಅರ್ಧ ಆಯಸ್ಸು ಬಾಕಿ. ಅದನ್ನೇ ಹೇಳಿದೆ. ಅಜ್ಜಿ ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಕಾಫಿ ತಂದುಕೊಟ್ಟರು.

ರಾತ್ರಿಯ ಪ್ರಶ್ನೆಗೆ ಗುಂಪಿನವರು ಫೋನಿನಲ್ಲಿ ಕೊಡುತ್ತಿದ್ದ ಕಾರಣ ಪ್ರೀತಿ, ಒಡನಾಟ, ಒಂಟಿತನ. ತೋಟದ ಮನೆಯಲ್ಲಿ ಈ ಮಾತು ನಡೆಯುವುದಿಲ್ಲ. ನಡೆಯುವ ಮಾತು ಚಿರತೆಯದ್ದು. ಚಿರತೆಗೆ ನಾಯಿ ಅಂದರೆ ಸುಲಭದ ಊಟ ಅನ್ನುವುದು ಈ ಕಡೆ ಮಕ್ಕಳಿಗೂ ಗೊತ್ತು. ಮಹಾರಾಷ್ಟ್ರದ ಅಕೋಲೆ ಸುತ್ತಮುತ್ತ ಊರು, ಹೊಲಗಳ ನಡುವೆ ಬದುಕುವ ಚಿರತೆಗಳ ಹಿಕ್ಕೆ ಪರೀಕ್ಷಿಸಿ 2014ರಲ್ಲಿ ಒಂದು ಅಧ್ಯಯನ ಬಂದಿತ್ತು. ಅವು ತಿಂದ ಮಾಂಸದ ತೂಕದಲ್ಲಿ ಸುಮಾರು ಶೇ. 39 ಸಾಕು ನಾಯಿಯದ್ದು. ನಮ್ಮ ತೋಟಗಳಲ್ಲೂ ಅಷ್ಟೇ ಅಂತ ಹೇಳಲಾಗದು, ಆದರೆ ಹಿತ್ತಲಲ್ಲಿ ಕಟ್ಟಿದ್ದ ನಾಯಿ ಬೆಳಗಾಗುವಷ್ಟರಲ್ಲಿ ಮಾಯವಾದ ಕತೆ ಪ್ರತಿ ಊರಲ್ಲೂ ಇದೆ. ನಾಟಿ ನಾಯಿ ವಾಸನೆ ಸಿಕ್ಕ ಕೂಡಲೇ ಜಗಲಿಗೆ ಓಡಿ ಬಂದು ಬಾಗಿಲು ಕೆರೆಯುತ್ತದೆ. ಸಿಮೆಂಟ್ ಗೂಡಿನಲ್ಲಿ ಬೆಳೆದ ಲ್ಯಾಬ್ರಡಾರ್ ಬಾಲ ಅಲ್ಲಾಡಿಸುತ್ತಾ ಹತ್ತಿರ ಹೋದರೂ ಹೋದೀತು. ಕಟ್ಟಿಹಾಕಿದರಂತೂ ಓಡುವ ದಾರಿಯೂ ಇಲ್ಲ.

ಇದನ್ನು ಕೇಳಿ ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಹಳೇ ಲ್ಯಾಬ್ ರಾತ್ರಿ ಎಲ್ಲಿ ಮಲಗುತ್ತಿತ್ತು ಅಂತ ಕೇಳಿದೆ. ಅಕ್ಕ ನಕ್ಕರು. 'ಬಚ್ಚಲ ಮನೆ ಒಲೆ ಮುಂದೆ. ಇವರೇ ರಾತ್ರಿ ಎದ್ದು ಗೋಣಿಚೀಲ ಹೊದಿಸ್ತಿದ್ರು.'

ಬಗ್ಗಬೇಕಾದ್ದು ಮನೆಯವರು ಮಾತ್ರ ಅಲ್ಲ. ಗುಂಪಿನ ಪಟ್ಟಿಯಲ್ಲಿ 'ಆರು ಅಡಿ ಕಾಂಪೌಂಡ್ ಗೋಡೆ' ಅಂತಲೂ ಇತ್ತು. ಕಾಫಿ ತೋಟಕ್ಕೆ ಆರು ಅಡಿ ಗೋಡೆ ಯಾರು ಕಟ್ಟುತ್ತಾರೆ? ನಾನು ಇದನ್ನು ಪಟ್ಟಾಗಿ ವಿರೋಧಿಸಿದೆ. ಗೋಡೆ ಕೇಳಿದರೆ ಮಲೆನಾಡಿನ ಒಂದು ಮನೆಗೂ ನಾಯಿ ಕೊಡಲು ಆಗುವುದಿಲ್ಲ. ಗೋಡೆ ಇರುವುದು ನಾಯಿ ಕಳೆದುಹೋಗದಿರಲಿ ಅಂತ. ಆ ಕೆಲಸ ಬೇರೆ ರೀತಿಯಲ್ಲೂ ಆಗುತ್ತದೆ. ಕೊನೆಗೆ ಅಡುಗೆಮನೆ ಹಿಂದಿನ ಅಂಗಳಕ್ಕೆ ಚೈನ್‌ಲಿಂಕ್ ಬೇಲಿ, ಒಂದು ಗೇಟು, ತೋಟಕ್ಕೆ ಹೋಗುವಾಗ ಉದ್ದ ಹಗ್ಗ ಅಂತ ಮಾತಾಯಿತು. ತೋಟದೊಳಗೆ ಬಿಟ್ಟುಬಿಡಬಾರದು ಅನ್ನಲು ಇನ್ನೊಂದು ಕಾರಣ ಹಂದಿ ಉರುಳು. ಕಾಡುಹಂದಿಗೆ ಯಾರೋ ಕದ್ದು ಇಡುವ ತಂತಿ ಉರುಳಿಗೆ ಸಿಕ್ಕುವುದು ಹಂದಿಗಿಂತ ನಾಯಿಗಳೇ ಜಾಸ್ತಿಯೇನೋ ಅನಿಸುತ್ತದೆ ನನಗೆ.

ಉಳಿದ ಷರತ್ತುಗಳಿಗೆ ತಕರಾರು ಬರಲಿಲ್ಲ. ಎರಡೂ ನಾಟಿ ನಾಯಿಗೆ ರೇಬೀಸ್ ಲಸಿಕೆ, ಗಂಡಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ. ಸಾಕಲು ಆಗದಿದ್ದರೆ ಬೇರೆಯವರಿಗೆ ದಾಟಿಸದೆ ಗುಂಪಿಗೇ ವಾಪಸ್. ಕಣ ಕಾಯುವ ಕೆಲಸಕ್ಕೆ ಯಜಮಾನರು ಕ್ಯಾಮೆರಾ ಹಾಕಿಸಿಕೊಂಡರು. ಲ್ಯಾಬ್ರಡಾರ್ ಕಳ್ಳನ ಚೀಲ ಹೊತ್ತುಕೊಡುವ ಜಾತಿ ಅಂತ ಅಕ್ಕ ಮೊದಲಿಂದಲೂ ಹೇಳುತ್ತಿದ್ದರಂತೆ.

ಮರಿಯ ಆಸೆ ಬಿಟ್ಟದ್ದು ಹೇಗೆ? ಅಕ್ಕ ಮಗಳ ಮನೆಗೆ ಹೋದಾಗ ಚಿನ್ನಿಯನ್ನು ನೋಡಿ ಬಂದರು. ಅದು ಇವರ ಸೀರೆ ಮೂಸಿ, ಪಾದದ ಮೇಲೆ ತಲೆಯಿಟ್ಟು ಮಲಗಿತಂತೆ. ಬೇರೆ ಚರ್ಚೆ ನಡೆಯಲಿಲ್ಲ.

ಬಂದ ಮೇಲೆ

ಮಳೆಗಾಲಕ್ಕೆ ಮುಂಚೆ ಕರೆತರಬೇಕು ಅಂತ ಮೇ ತಿಂಗಳಲ್ಲಿ ಹೊರಟದ್ದು. ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು ದಾರಿ. ಹಿಂದಿನ ರಾತ್ರಿ ಊಟ ಕಡಿಮೆ, ಬೆಳಿಗ್ಗೆ ಬರೀ ನೀರು. ಆದರೂ ಹಾಸನದ ಹೊತ್ತಿಗೆ ವಾಂತಿಯಾಗಿತ್ತು. ಕಾರಿನ ಬಾಗಿಲು ತೆಗೆಯುವ ಮುಂಚೆಯೇ ಹಗ್ಗ ಕೈಯಲ್ಲಿರಬೇಕು, ಕುತ್ತಿಗೆಪಟ್ಟಿಗೊಂದು, ಎದೆಪಟ್ಟಿಗೊಂದು. ಹೊಸ ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ದಾರಿಯಲ್ಲಿ ಹೋಟೆಲ್ ಮುಂದೆ ನಿಲ್ಲಿಸುವ ಐದು ನಿಮಿಷದಲ್ಲಿ.

ರೆಸ್ಕ್ಯೂ ಮಾಡುವವರು ಮೂರು–ಮೂರು–ಮೂರು ಅಂತ ಒಂದು ಲೆಕ್ಕ ಹೇಳುತ್ತಾರೆ. ಗಾಬರಿ ಇಳಿಯಲು ಮೂರು ದಿನ, ಮನೆಯ ಪದ್ಧತಿ ಕಲಿಯಲು ಮೂರು ವಾರ, ತನ್ನ ಮನೆ ಅನ್ನಿಸಲು ಮೂರು ತಿಂಗಳು. ಬಾಯಿಪಾಠಕ್ಕೆ ಚೆನ್ನಾಗಿದೆ. ಚಿನ್ನಿ ಈ ಲೆಕ್ಕಕ್ಕೆ ಸಿಗಲಿಲ್ಲ. ಮೊದಲ ದಿನವೇ ಎಲ್ಲರ ತಟ್ಟೆ ನೆಕ್ಕಿ, ಆರಾಮಾಗಿತ್ತು. ಗಾಬರಿ ಶುರುವಾದದ್ದು ಆಮೇಲೆ, ಮಳೆ ಹಿಡಿದಾಗ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಅದಕ್ಕೆ ಹೊಸದು. ಹಂಡೆಯ ಹಿಂದೆ ತೂರಿಕೊಂಡು ನಡುಗುತ್ತಿತ್ತು. ಅಕ್ಕ ಎಳೆಯಲಿಲ್ಲ, ಗದರಲಿಲ್ಲ. ಬಚ್ಚಲ ಮನೆಯಲ್ಲೇ ಒಂದು ಮಣೆ ಹಾಕಿ ಕೂತು ಬೆಳ್ಳುಳ್ಳಿ ಸುಲಿದರು. ಅದು ಹೊರಗೆ ಬಂದಾಗ ಒಂದು ಚೂರು ಬೆಂದ ಮೊಟ್ಟೆ. ಹಂಡೆ ಹಿಂದಿನಿಂದ ಒಲೆಯ ಮುಂದಕ್ಕೆ ಬರಲು ಆಷಾಢವೇ ಕಳೆಯಿತು. (ಬೆಳ್ಳುಳ್ಳಿ, ಈರುಳ್ಳಿ ನಾಯಿಗೆ ವಿಷ. ಸಿಪ್ಪೆ ಸಮೇತ ತಟ್ಟೆಯಲ್ಲಿ ಮೇಲೆ ಇಟ್ಟಿದ್ದರು.)

ಜೂನ್‌ನಲ್ಲೇ ಜ್ವರ ಬಂತು. ಊಟ ಬಿಟ್ಟಿತು. ಲ್ಯಾಬ್ರಡಾರ್ ಊಟ ಬಿಟ್ಟರೆ ನಾಳೆ ನೋಡೋಣ ಅನ್ನಬಾರದು. ಒಸಡು ಬಿಳಚಿಕೊಂಡಿತ್ತು, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳಿದ್ದವು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ನೆಲಕಚ್ಚಿತ್ತು. ಉಣ್ಣೆ (ಉಣುಗು) ಜ್ವರ. ಕಂದು ಉಣ್ಣೆಯಿಂದ ಹರಡುವ ಎರ್ಲಿಕಿಯಾ ಅನ್ನುವ ಬ್ಯಾಕ್ಟೀರಿಯಾ. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ. ನಾಯಿ ಚುರುಕಾಯಿತು ಅಂತ ಹತ್ತು ದಿನಕ್ಕೆ ನಿಲ್ಲಿಸಿದರೆ ಕಾಯಿಲೆ ಒಳಗೇ ಉಳಿಯುತ್ತದೆ. ಬರಿ ಹೊಟ್ಟೆಗೆ ಕೊಟ್ಟರೆ ವಾಂತಿ, ಹಾಗಾಗಿ ಅನ್ನದ ಉಂಡೆಯೊಳಗೆ. ಇದು ತೋಟದಲ್ಲಿ ಹತ್ತಿದ್ದೋ, ಮುಂಚೆಯೇ ಮೈಯಲ್ಲಿ ಇದ್ದದ್ದೋ ಹೇಳುವುದು ಕಷ್ಟ. ತಿಂಗಳುಗಟ್ಟಲೆ ಲಕ್ಷಣ ತೋರಿಸದೆ ಇರಬಲ್ಲ ಕಾಯಿಲೆ ಇದು.

ಉಣ್ಣೆ ಅಂದ ಕೂಡಲೇ ಅಜ್ಜಿಗೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಆ ಕಾಯಿಲೆ ಈಗ ನಮ್ಮ ಜಿಲ್ಲೆಯಲ್ಲೂ ಇದೆ, ಭಯ ಸಹಜ. ಅದು ವೈರಸ್, ಅದನ್ನು ಮುಖ್ಯವಾಗಿ ಹರಡುವ ಕಾಡಿನ ಉಣ್ಣೆ ಜಾತಿಯೇ ಬೇರೆ ಅಂತ ಪಶುವೈದ್ಯರು ಬಿಡಿಸಿ ಹೇಳಿದರು. ಆದರೂ ತೋಟದಿಂದ ಬಂದ ಮೇಲೆ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ನೋಡುವ ಕೆಲಸವನ್ನು ಅಜ್ಜಿ ತಾವೇ ವಹಿಸಿಕೊಂಡರು. ಕೈಗೆ ಪ್ಲಾಸ್ಟಿಕ್ ಚೀಲ, ಪಕ್ಕದಲ್ಲಿ ಸೋಪಿನ ನೀರಿನ ಲೋಟ. ಇಂಬಳವೂ (ಜಿಗಣೆ) ಅದೇ ಲೋಟಕ್ಕೆ.

ಆ ಮಳೆಗಾಲದಲ್ಲೇ ಪಕ್ಕದ ತೋಟದ ಲೈನ್ (ಕೂಲಿಯಾಳುಗಳ ಸಾಲುಮನೆ) ಹತ್ತಿರ ಕಟ್ಟಿದ್ದ ನಾಯಿಯನ್ನು ಚಿರತೆ ಹೊಡೆಯಿತು. ಸರಪಳಿ, ಗೂಟ ಎರಡೂ ಅಲ್ಲೇ ಇದ್ದವು. ಮಾರನೇ ರಾತ್ರಿಯಿಂದ ಯಜಮಾನರು ನಾಟಿ ನಾಯಿಗಳನ್ನೂ ಸೌದೆ ಕೊಟ್ಟಿಗೆಯೊಳಗೆ ಹಾಕಿ ಬಾಗಿಲಿಗೆ ಅಗುಳಿ ಹಾಕತೊಡಗಿದರು. ಗುಂಪಿನ ಒಪ್ಪಂದದಲ್ಲಿ ಆ ಎರಡು ನಾಯಿಗಳ ರಾತ್ರಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕೊಯ್ಲಿನ ಹೊತ್ತು

ನಾಯಿಗೆ ಕೊಡಬಾರದ ತಿನಿಸುಗಳ ಬಗ್ಗೆ ಗುಂಪಿನದೊಂದು ಪಟ್ಟಿ ಇದೆ. ಅದರಲ್ಲಿ ಚಾಕೊಲೇಟ್ ಇತ್ತು, ದ್ರಾಕ್ಷಿ ಇತ್ತು. ಕಾಫಿ ಹಣ್ಣು ಇರಲಿಲ್ಲ. ಬೆಂಗಳೂರಲ್ಲಿ ಕೂತು ಯಾರಿಗೆ ಹೊಳೆಯುತ್ತದೆ?

ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಜೋರಾಗಿತ್ತು. ಗೇಟು ತೆರೆದಿದ್ದ ಒಂದು ಸಂಜೆ ಚಿನ್ನಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹಿಂದಿನ ಸಿಪ್ಪೆ ಗುಡ್ಡೆಗೆ ಹೋಗಿ, ಹೊಟ್ಟೆ ಬಿರಿಯೆ ತಿಂದಿತ್ತು. ಹಣ್ಣಿನ ಸಿಪ್ಪೆ ಸಿಹಿ, ಅದರ ಜೊತೆ ಒಡೆದ ಬೀಜವೂ ಸೇರಿರುತ್ತದೆ. ನಾಟಿ ನಾಯಿಗಳು ಹುಟ್ಟಿದಾಗಿನಿಂದ ಆ ಗುಡ್ಡೆಯ ಪಕ್ಕದಲ್ಲೇ ಓಡಾಡಿದರೂ ಮೂಸಿ ಮುಂದೆ ಹೋಗುವಂಥವು. ರಾತ್ರಿ ಎಂಟರ ಹೊತ್ತಿಗೆ ಚಿನ್ನಿ ಒಂದು ಕಡೆ ನಿಲ್ಲುತ್ತಿಲ್ಲ. ಏದುಸಿರು, ಕಣ್ಣು ಅಗಲ, ತೊಡೆಯ ಸ್ನಾಯು ಅದುರುತ್ತಿತ್ತು. ಎದೆಗೆ ಕೈಯಿಟ್ಟರೆ ಹೃದಯ ಡವಡವ.

ಕೆಫೀನ್ ನಾಯಿಯ ಮೈಗೆ ಮನುಷ್ಯನಿಗಿಂತ ಜಾಸ್ತಿ ಹತ್ತುತ್ತದೆ. ಮೈತೂಕದ ಒಂದು ಕಿಲೋಗೆ 20 ಮಿಲಿಗ್ರಾಂ ಆಸುಪಾಸಿನಲ್ಲೇ ಚಡಪಡಿಕೆ, ವಾಂತಿ ಶುರು. 140ರ ಆಸುಪಾಸಿನಲ್ಲಿ ಅರ್ಧದಷ್ಟು ನಾಯಿಗಳು ಸಾಯುತ್ತವೆ, ಕೆಲವು ಅದಕ್ಕಿಂತ ಕಡಿಮೆಗೂ. ಅರೇಬಿಕಾ ಬೀಜದಲ್ಲಿ ಕೆಫೀನ್ ಶೇ. 1.2ರಷ್ಟು, ರೋಬಸ್ಟಾದಲ್ಲಿ ಶೇ. 2ರ ಹತ್ತಿರ. ಸಿಪ್ಪೆಯಲ್ಲೂ ಇರುತ್ತದೆ. ಬೀಜ ಅಗಿದರೆ ಇನ್ನೂ ಕಷ್ಟ.

ಅಜ್ಜಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಅಂದರು. ಫೋನಿನಲ್ಲಿದ್ದ ಪಶುವೈದ್ಯರು ಖಡಾಖಂಡಿತವಾಗಿ ಬೇಡ ಅಂದರು. ಉಪ್ಪು ಜಾಸ್ತಿಯಾದರೆ ರಕ್ತದ ಸೋಡಿಯಂ ಏರಿ ಅದೇ ಇನ್ನೊಂದು ವಿಷ. ಅದೂ ಅಲ್ಲದೆ ಮೈ ಅದುರುತ್ತಿರುವ ನಾಯಿಗೆ ವಾಂತಿ ಮಾಡಿಸಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯ. ಜೀಪಿನಲ್ಲಿ ಹಾಕಿಕೊಂಡು ಚಿಕ್ಕಮಗಳೂರಿಗೆ ಬಂದರು. ಇದ್ದಿಲ ಪುಡಿಯ ದ್ರಾವಣ, ಡ್ರಿಪ್, ಹೃದಯದ ಬಡಿತ ಇಳಿಯುವವರೆಗೆ ಕಾವಲು. ಮೂತ್ರ ಮಾಡಿಸಲು ಆಗಾಗ ಹೊರಗೆ ಕರೆದೊಯ್ಯಬೇಕಾಯಿತು. ಮೂತ್ರಕೋಶದಲ್ಲಿ ನಿಂತರೆ ಕೆಫೀನ್ ಮತ್ತೆ ರಕ್ತಕ್ಕೆ ಸೇರುತ್ತದೆ. ಬೆಳಗಿನ ಜಾವಕ್ಕೆ ಮಲಗಿತು.

ಗೇಟು ಯಾರು ತೆರೆದಿಟ್ಟರು ಅಂತ ಮನೆಯಲ್ಲಿ ಸಣ್ಣ ಜಗಳವಾಯಿತು. ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಅತ್ತು, ನಾಯಿಯನ್ನು ವಾಪಸ್ ಕೊಟ್ಟುಬಿಡೋಣ ಅಂದಳು. ಗುಂಪಿನಲ್ಲೂ ಒಬ್ಬಿಬ್ಬರು ಅದೇ ಮಾತಾಡಿದರು. ನನ್ನ ಅಭಿಪ್ರಾಯ ಬೇರೆ ಇತ್ತು. ತಿನ್ನಬಾರದ್ದು ತಿನ್ನುವ ಲ್ಯಾಬ್ರಡಾರ್ ಬೆಂಗಳೂರಿನ ಮೂರನೇ ಮಹಡಿಯಲ್ಲೂ ಏನಾದರೂ ಹುಡುಕಿ ತಿನ್ನುತ್ತದೆ. ಇಲ್ಲಿ ಮನೆಯವರು ಲಕ್ಷಣ ಗುರುತಿಸಿದರು, ಫೋನ್ ಮಾಡಿದರು, ರಾತ್ರಿಯೇ ಗಾಡಿ ತೆಗೆದರು. ಇದಕ್ಕಿಂತ ಜಾಸ್ತಿ ಯಾವ ಮನೆಯಿಂದ ಕೇಳಬಹುದು? ನಾಯಿ ಅಲ್ಲೇ ಉಳಿಯಿತು. ಗೇಟಿಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿದರು. ಸಿಪ್ಪೆಯನ್ನು ಈಗ ದಿನಾ ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಎಳೆಯುತ್ತಾರೆ. ಕೊಯ್ಲು ಮುಗಿಯುವವರೆಗೆ ತೋಟಕ್ಕೆ ಹೋದರೆ ಬಾಯಿಗೆ ಬುಟ್ಟಿ.

ಈಗಿನ ಸ್ಥಿತಿ

ಬಂದಾಗ 34 ಕಿಲೋ ಇತ್ತು, ಈಗ 29. ಬೆಳಿಗ್ಗೆ ಸಂಜೆ ಅಳೆದ ಊಟ. ಕೆಲಸಕ್ಕೆ ಬರುವ ಹೆಂಗಸರು ಬುತ್ತಿಯಿಂದ ಕೊಡುತ್ತಿದ್ದ ರೊಟ್ಟಿ ನಿಲ್ಲಿಸಲು ಮಾತ್ರ ಹರಸಾಹಸವಾಯಿತು. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಎಡ ಸೊಂಟದ ಕೀಲು ಸವೆದಿದೆ. ಸದ್ಯಕ್ಕೆ ಆಪರೇಷನ್ ಬೇಡ, ತೂಕ ಏರದಂತೆ ನೋಡಿಕೊಳ್ಳಿ, ನುಣುಪು ನೆಲಕ್ಕೆ ಚಾಪೆ ಹಾಸಿ ಅಂದಿದ್ದಾರೆ. ಜಗಲಿಯ ಮೂರು ಮೆಟ್ಟಿಲನ್ನು ಚಿನ್ನಿ ಈಗ ಹತ್ತುತ್ತದೆ, ಆದರೆ ಅಡ್ಡಡ್ಡವಾಗಿ.

ಗುಂಪು ತನ್ನ ಫಾರಂ ಬದಲಿಸಿದೆ. 'ದಿನಾ ಊಟ ಹಾಕುವವರು ಯಾರು? ಅವರ ಫೋನ್ ನಂಬರ್ ಕೊಡಿ' ಅನ್ನುವುದು ಈಗ ಮೊದಲ ಪ್ರಶ್ನೆ. ಮಲೆನಾಡಿನ ಅರ್ಜಿಗಳಿಗೆ ಗೋಡೆಯ ಬದಲು ಬೇಲಿ ಹಾಕಿದ ಅಂಗಳ ಸಾಕು. ರಾತ್ರಿ ಒಳಗೆ ಅನ್ನುವುದಕ್ಕೆ ರಿಯಾಯಿತಿ ಇಲ್ಲ. ಪಕ್ಕದ ತೋಟದವರು ತಮಗೂ ಇಂಥದೊಂದು ನಾಯಿ ಬೇಕು ಅಂತ ಅರ್ಜಿ ಹಾಕಿದ್ದರು. ಲೈನ್ ಹತ್ತಿರ ಕಟ್ಟುತ್ತೇವೆ ಅಂದದ್ದರಿಂದ ಆಗಲಿಲ್ಲ.

ಒಂದು ಕಾಗದದ ಕೆಲಸ ಬಾಕಿ ಇದೆ. ಒಪ್ಪಂದ ಇನ್ನೂ ಮಗಳ ಹೆಸರಲ್ಲಿದೆ. ಅಕ್ಕನ ಹೆಸರಿಗೆ ಮಾಡಿಸಲು ಗುಂಪು ಒಪ್ಪಿದೆ. ಸಹಿ ಹಾಕಿಸಲು ಹೋದಾಗ ಅಜ್ಜಿ, ಉಣ್ಣೆ ಹೆಕ್ಕುವವಳು ನಾನು, ನನ್ನ ಹೆಸರು ಯಾಕಿಲ್ಲ ಅಂತ ಕೇಳಿದರು. ಇಬ್ಬರ ಹೆಸರು ಹಾಕಲು ಆ ಫಾರಂನಲ್ಲಿ ಜಾಗ ಇರಲಿಲ್ಲ. ಹೊಸದು ಪ್ರಿಂಟ್ ಮಾಡಿಸಿ ಕಳಿಸಿ ಅಂತ ಬೆಂಗಳೂರಿಗೆ ಹೇಳಿದ್ದೇನೆ.